ರೊಟ್ಟಿ ಡಬ್ಬಿಯ ಮುಚ್ಚಳ

ಅಡುಗೆಮನೆಯ ಬಾಗಿಲ ಹಿಂದೆ, ಮೊಳೆಗೆ ತೂಗುಹಾಕಿದ ದೊಡ್ಡದೊಂದು ನೀಲಿ ಪ್ಲಾಸ್ಟಿಕ್ ಮುಚ್ಚಳವಿತ್ತು. ಈ ಬೆಳಗ್ಗೆ ಧೂಳು ಒರೆಸುವಾಗ ಒದ್ದೆ ಬಟ್ಟೆ ತಗುಲಿದ್ದೇ ತಡ, ಅದರಿಂದ ಸುಟ್ಟ ಜೋಳದ ವಾಸನೆ ಎದ್ದಿತು. ಡಬ್ಬಿಯಿಲ್ಲದ ಮುಚ್ಚಳವನ್ನು ಯಾರಾದರೂ ಹೀಗೆ ಜೋಪಾನ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ಡಬ್ಬಿ ದೂರವೇನೂ ಹೋಗಿರಲಿಲ್ಲ. ಪಡಸಾಲೆಯಲ್ಲಿ, ನನ್ನ ಮೀನಿನ ತೊಟ್ಟಿಯ ಕೆಳಗೆ ಕುಳಿತಿತ್ತು.

ಅದು ದೊಡ್ಡವ್ವನ ಡಬ್ಬಿ. ಒಬ್ಬರು ಕುಕ್ಕರಗಾಲಿನಲ್ಲಿ ಕೂರುವಷ್ಟು ದೊಡ್ಡದು. ಬಳಗದಲ್ಲಿ ಮದುವೆಯೆಂದರೆ, ಅದು ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ, ಸಿಂದಗಿಯಿಂದ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ದೊಡ್ಡವ್ವ, ಪಕ್ಕದಲ್ಲಿ ಕಡಕ್ ರೊಟ್ಟಿ ತುಂಬಿದ ಡಬ್ಬಿ. ಕಂಡಕ್ಟರ್ ತಕರಾರು ತೆಗೆದರೆ, "ಆಕಿ ನನ್ನ ತಂಗಿರಿ, ಮಾತು ಕಡಿಮಿ" ಎನ್ನುತ್ತಿದ್ದಳು. ಆಮೇಲೆ ಊರೂರಿಗೆ ರೊಟ್ಟಿ ಮಾರುವ ಅಂಗಡಿಗಳಾದವು. ಬೀಗರು ಅಲ್ಲಿಂದಲೇ ತರಿಸತೊಡಗಿದರು. ಡಬ್ಬಿ ಖಾಲಿ ಕುಳಿತಿತು.

ಅದೇ ಹೊತ್ತಿಗೆ ನನ್ನ ಗೋಲ್ಡ್ ಫಿಶ್‌ಗಳು ನೀರಿನ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತೊಟ್ಟಿ ಚಿಕ್ಕದು, ಹೊಲಸು ಹೆಚ್ಚು. ಕೆಳಗೆ ಇನ್ನೊಂದು ತೊಟ್ಟಿಯಿಟ್ಟು, ಕೊಳೆನೀರನ್ನು ಅದಕ್ಕೆ ಇಳಿಸಿ, ಸ್ಪಂಜು ಮತ್ತು ಹರಳುಗಳ ನಡುವೆ ಸೋಸಿ, ಮೋಟರಿನಿಂದ ಮೇಲಕ್ಕೆ ಕಳಿಸಬೇಕಿತ್ತು. ಹವ್ಯಾಸಿಗಳು ಇದಕ್ಕೆ ಸಂಪು ಎನ್ನುತ್ತಾರೆ. ನಾನು ಏನನ್ನೂ ಸುಲಭಕ್ಕೆ ಕೇಳುವವಳಲ್ಲ. ಮೀನಿಗಾಗಿ ಡಬ್ಬಿ ಕೇಳಿದೆ.

"ನನ್ನ ರೊಟ್ಟಿ ಡಬ್ಬಿ ನಿನ್ನ ಮೀನಿನ ಹೊಲಸಿಗಿ ಬೇಕಾತೇನ?" ಎಂದಳು ದೊಡ್ಡವ್ವ. ಬಗ್ಗಿ, ಮೀನುಗಳು ಬಾಯಿ ಬಿಡುವುದನ್ನು ನೋಡಿದಳು. "ಒಯ್ಯಿ. ಕರೆಂಟ್ ಹೋದಾಗ ಒಂದು ಹನಿ ನೆಲಕ್ಕ ಬಿತ್ತಂದ್ರ, ಡಬ್ಬಿ ಅಡಗಿಮನಿಗಿ, ಮೀನು ಬಾವಿಗಿ. ಮುಚ್ಚಳಾ ಮಾತ್ರ ಕೊಡಂಗಿಲ್ಲ."

ನೀರು ತುಂಬಿದರೆ ಡಬ್ಬಿಯ ಹೊಟ್ಟೆ ಉಬ್ಬುತ್ತದೆಂದು ನನಗೆ ಗೊತ್ತಿತ್ತು. ಹಳೆಯ ಮಂಚದ ನವಾರ ಪಟ್ಟಿಯನ್ನು ಸುತ್ತಲೂ ಬಿಗಿದೆ. "ಬಸುರಿಗಿ ನಡ ಕಟ್ಟಿದಂಗ ಕಟ್ಟೀ ನೋಡು" ಎಂದು ನಕ್ಕಳು. ಒಳಗೆ ಗೆರೆ ಎಳೆದು ಅಲ್ಲಿಯವರೆಗೆ ಮಾತ್ರ ನೀರು ಬಿಟ್ಟಾಗ ನಗು ನಿಂತಿತು.

"ಅರ್ಧಾ ಖಾಲಿ ಬಿಟ್ಟೀ ಅಲ್ಲ, ಜಿಪುಣಿ!"

"ಕರೆಂಟ್ ಹೋದ್ರ ಮ್ಯಾಲಿನ ನೀರು ಇಳಿದು ಬರ್ತಾವ ದೊಡ್ಡವ್ವಾ. ಅದಕ್ಕ ಜಾಗಾ ಬೇಕು."

"ಹೇಳದ ಬರೂ ಬೀಗರಿಗಿ ರೊಟ್ಟಿ ಉಳಸ್ತೀವಲ್ಲ, ಹಂಗ ಅನ್ನು."

ನಾನು ಸ್ವಿಚ್ಚು ಆರಿಸಿ ತೋರಿಸಹೋದೆ. ಅವಳು ಒಪ್ಪಲಿಲ್ಲ. "ನೀ ತಗದ್ರ ಅದು ನಿನ್ನ ಮಾತು ಕೇಳ್ತೈತಿ. ತಾನ ಹೋಗಬೇಕು."

ದಿನವೂ ಹೇಳದೆ ಕೇಳದೆ ಹೋಗುವ ಕರೆಂಟು ಅಂದು ಜಪ್ಪಯ್ಯ ಎಂದರೂ ಹೋಗಲಿಲ್ಲ. ಇಡೀ ಸಿಂದಗಿಯಲ್ಲಿ ಕತ್ತಲೆಗಾಗಿ ಹಾರೈಸುತ್ತಿದ್ದವಳು ನಾನೊಬ್ಬಳೇ ಇರಬೇಕು. ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ಫ್ಯಾನು ನಿಂತಿತು. ಡಬ್ಬಿಯಲ್ಲಿ ನೀರು ಗೆರೆ ದಾಟಿ ಏರಿತು, ಏರಿತು, ಅಂಚಿನ ಕೆಳಗೆ ನಿಂತಿತು. ನಾನು ಹಾಕಿದ ಲೆಕ್ಕದಷ್ಟೇ. ದೊಡ್ಡವ್ವ ಬಗ್ಗಿ ನೆಲ ಸವರಿ ಕೈ ನೋಡಿಕೊಂಡಳು. ಕೈ ಒಣಗಿಯೇ ಇತ್ತು.

"ಇರಲಿ ಬಿಡು," ಎಂದು ಮುಚ್ಚಳವನ್ನು ಒಳಗೆ ಒಯ್ದು ಮೊಳೆಗೆ ಸಿಕ್ಕಿಸಿದಳು. ಯಾರಾದರೂ ಮತ್ತೆ ರೊಟ್ಟಿಗೆ ಹೇಳಿಕಳಿಸಿದರೆ ಬೇಕಲ್ಲ ಎಂದು. ಮೀನುಗಳು ಬದುಕಿದವು, ಬೆಳೆದವು. ನಾನು ಡಬ್ಬಿಯ ಮೇಲೆ ರಟ್ಟು ಮುಚ್ಚುತ್ತ ಬಂದೆ. ರಟ್ಟು ತೊಯ್ದು ಜೋತುಬೀಳುತ್ತಿತ್ತು, ಬದಲಿಸುತ್ತಿದ್ದೆ.

ಈ ಬೆಳಗ್ಗೆ ಒರೆಸಿದ ಮುಚ್ಚಳವನ್ನು ಮೊಳೆಗೆ ಹಾಕಹೋದಾಗ ದೊಡ್ಡವ್ವ ಕೈ ಹಿಡಿದಳು. ಅದನ್ನು ತೆಗೆದುಕೊಂಡು ಮೂಸಿದಳು.

"ನಿನ್ನಿ ಹಲ್ಲಿ ಬಿದ್ದಿತ್ತಲ್ಲ ನಿನ್ನ ಸಂಪಿನಾಗ. ಪೈಪು ಎಲ್ಲಿ ಬರ್ತಾವು? ಇದರ ಮ್ಯಾಲ ಗುರ್ತು ಹಾಕು."

"ಕೊರದ್ರ ಮತ್ತ ರೊಟ್ಟಿಗಿ ಬರಂಗಿಲ್ಲ, ದೊಡ್ಡವ್ವಾ."

"ನನಗ ತಿಳಿಯಂಗಿಲ್ಲೇನ? ಹಾಕು."

ನಾನು ಅಳೆದು ಗುರುತು ಹಾಕಿದೆ. ಅವಳು ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಗುರುತಿನ ಸುತ್ತ ನಿಧಾನವಾಗಿ ತಿರುಗಿಸಿದಳು. ರೊಟ್ಟಿಯ ಅಂಚು ತಿದ್ದುವಾಗ ಅವಳ ಕೈ ಹೀಗೆಯೇ ತಿರುಗುತ್ತದೆ. ತೂತುಗಳಲ್ಲಿ ಪೈಪು ತೂರಿಸಿದಾಗ ಮುಚ್ಚಳ ಡಬ್ಬಿಗೆ ಟಪ್ಪೆಂದು ಕೂತಿತು.

ಈಗ ಆ ಮೊಳೆಗೆ ಹಿಟ್ಟು ಜರಡಿ ಹಿಡಿಯುವ ಸಾಣಿಗೆ ತೂಗುತ್ತಿದೆ. ಅದರಿಂದ ಆಗಲೇ ಕೆಳಗೆ ಸ್ವಲ್ಪ ಜೋಳದ ಹಿಟ್ಟು ಉದುರಿದೆ. ನಾನು ಒರೆಸಲು ಹೋಗಿಲ್ಲ.