ಬ್ರೇಕಿನ ಮೇಲೆ ಕಾಲಿಡದ ಕಾಕು

ಕಳೆದ ವಾರ ಹೈದರಾಬಾದಿನ ಕೋಠಿಗೆ ಔಷಧಿ ತರಲು ಹೋಗಿದ್ದೆ. ಅಂಗಡಿಯ ಮುಂದೆ ಹಳೆಯ ಬಿಳಿ ಕಾರೊಂದು ನಿಂತಿತ್ತು. ಒಳಗೆ ಯಾರೂ ಇಲ್ಲ, ಬಾಗಿಲಿಗೆ ಬೀಗ. ಆದರೆ ಹಿಂದಿನ ಎರಡೂ ಕೆಂಪು ದೀಪಗಳು ಮಟಮಟ ಮಧ್ಯಾಹ್ನದಲ್ಲಿ ಉರಿಯುತ್ತಿದ್ದವು. ಔಷಧಿ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಕಾರಿನವನಿಗಾಗಿ ಇಪ್ಪತ್ತು ನಿಮಿಷ ಕಾದೆ. ಬಂದವನು ನನ್ನನ್ನು ಕಳ್ಳನೆಂದುಕೊಂಡಿರಬೇಕು, ಮೇಲಿಂದ ಕೆಳಗೆ ನೋಡಿದ. ಬ್ರೇಕ್ ಲೈಟ್ ಆರುತ್ತಿಲ್ಲ, ಪೆಡಲ್ಲಿನ ಹತ್ತಿರ ಏನಾಗಿದೆ ಎಂದು ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿ ಎಂದು ಹಿಂದಿಯಲ್ಲಿ ಹೇಳಿದೆ. ಗೊತ್ತು, ನಾಳೆ ಬ್ಯಾಟರಿ ಬದಲಿಸುತ್ತೇನೆ ಎಂದವನೇ ಹೊರಟುಬಿಟ್ಟ. ನನಗೆ ನಡುರಸ್ತೆಯಲ್ಲೇ ನಗು ಬಂತು. ಹಾಗೆ ಬ್ಯಾಟರಿ ಬದಲಿಸಿದ ಜಾಣರಲ್ಲಿ ನಾನೂ ಒಬ್ಬ. ಆ ನಗುವಿನ ಬೆನ್ನಿಗೇ ಕೆಳಗಿನ ಮನೆಯ ಕಾಕು ನೆನಪಾದರು…

ಮಲ್ಕಾಜ್‌ಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕೆಳಗೆ ಅವರು, ಮೇಲೆ ನಾನು ಮತ್ತು ನನ್ನ ಹೆಂಡತಿ. ಅವರದು ಕಲಬುರ್ಗಿ ಕಡೆ, ನಮ್ಮದು ವಿಜಯಪುರದ ಕಡೆ. ಸಂಬಂಧ ಅಂತ ಏನೂ ಇರಲಿಲ್ಲ, ಆದರೂ ಮೊದಲ ದಿನವೇ ನಾನು ಕಾಕು ಅಂದೆ, ಅವರು ತಮ್ಮಾ ಅಂದರು. ಚಿಕ್ಕಮ್ಮನಾದವರಿಗೆ ನಾನು ತಮ್ಮ ಹೇಗಾದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಅವರ ಗಂಡ ಕಾಕಾ ರೈಲ್ವೆಯಲ್ಲಿ ಗಾರ್ಡ್, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಕಾಕು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವೈರುಗಳನ್ನು ಜೋಡಿಸಿ ಬೆಸುಗೆ ಹಾಕುತ್ತಿದ್ದರು. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದರು. ಆ ಕಾರ್ಖಾನೆಗೆ ಎರಡು ಗೇಟುಗಳಿದ್ದವು. ದೊಡ್ಡದು ಸಾಹೇಬರ ಕಾರುಗಳಿಗೆ, ಪಕ್ಕದ ಚಿಕ್ಕದು ಉಳಿದವರಿಗೆ.

ನಿವೃತ್ತಿಗೆ ಆರು ತಿಂಗಳಿರುವಾಗ ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದು ಕೂತರು.

"ತಮ್ಮಾ, ಕೊನೀ ದಿವಸ ನಾ ಬಸ್ಸಿನ್ಯಾಗ ಹೋಗಂಗಿಲ್ಲ. ನಿನ್ನ ಕಾರ್ ನಾನ ಹೊಡ್ಕೊಂಡು ಹೋಗ್ತೀನಿ. ದೊಡ್ಡ ಗೇಟಿನ್ಯಾಗಿಂದ. ನನಗ ಕಲಸು."

ಸುದ್ದಿ ಕೇಳಿ ಕಾಕಾ, ರೈಲ್ವೆ ಪಾಸ್ ಇರುವ ಮನೆಗೆ ಕಾರು ಯಾತಕ್ಕೆ ಎಂದು ನಕ್ಕರು. ನಾನೂ ನಕ್ಕೆ, ಆದರೆ ಕಲಿಸಲು ಒಪ್ಪಿಕೊಂಡೆ. ನನ್ನ ಕಾರು ಅಷ್ಟೊತ್ತಿಗಾಗಲೇ ಮೂವರು ಮಾಲೀಕರನ್ನು ಕಂಡಿತ್ತು. ಇನ್ನೊಂದೆರಡು ಗೀರು ಬಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಖಾಲಿ ರಸ್ತೆಯಲ್ಲಿ ಪಾಠ ಶುರುವಾಯಿತು. ಕಾಕುಗೆ ಒಂದು ಅಭ್ಯಾಸವಿತ್ತು, ಕೂರುವ ಮೊದಲು ಕಸಬರಿಗೆ ತಂದು ಕಾರಿನ ಒಳಗೆಲ್ಲ ಗುಡಿಸುವುದು. ಕಸ ಗುಡಿಸದ ಜಾಗದಲ್ಲಿ ಅವರು ಕೆಲಸ ಆರಂಭಿಸಿದವರಲ್ಲ. ಒಂದು ದಿನ ಪೆಡಲ್ಲಿನ ಕೆಳಗಿಂದ ಹಳದಿ ಚೂರುಗಳನ್ನು ಬಳಿದು ತೆಗೆದು ನನ್ನ ಮುಖಕ್ಕೆ ಹಿಡಿದರು.

"ಕಾರಿನ್ಯಾಗ ಕುಂತು ಪುಠಾಣಿ ತಿಂತೀಯೇನೋ? ನೋಡಿಲ್ಲಿ, ಎಲ್ಲಾ ಚೆಲ್ಲೀದಿ."

ನಾನು ತಲೆ ತಗ್ಗಿಸಿದೆ. ಹೆಂಡತಿ ವೈದ್ಯರ ಮಾತು ಕೇಳಿ ಮನೆಯಲ್ಲಿ ಕುರುಕಲು ತಿಂಡಿ ಬಂದ್ ಮಾಡಿದ್ದಳು, ನಾನು ಕಾರಿನಲ್ಲಿ ಕದ್ದು ಮಂಡಕ್ಕಿ, ಪುಠಾಣಿ ಅಂದರೆ ಹುರಿಗಡಲೆ ಮೆಲ್ಲುತ್ತಿದ್ದುದು ನಿಜವೇ. ಇವಳಿಗೆ ಹೇಳಬ್ಯಾಡ್ರಿ ಎಂದು ಕೈಮುಗಿದೆ. ಕಾಕು ಆ ಚೂರುಗಳನ್ನು ಮರದ ಬುಡಕ್ಕೆ ಸುರಿದರು.

ಲೈಸೆನ್ಸ್ ಅವರಿಗೆ ಮೊದಲ ಸಲಕ್ಕೇ ಸಿಕ್ಕಿತು. ನನಗೆ ಮೂರನೆಯ ಸಲಕ್ಕೆ ಸಿಕ್ಕಿದ್ದು, ಆ ವಿಷಯ ಅವರ ಮುಂದೆ ನಾನು ಎತ್ತಲಿಲ್ಲ.

ಎಲ್ಲಾ ಸರಿಯಿದೆ ಅನ್ನುವಾಗ ಕಾರಿಗೆ ಜಡ್ಡು ಬಂತು. ಸಂಜೆ ಚೆನ್ನಾಗಿ ಬಂದು ನಿಂತ ಗಾಡಿ ಬೆಳಿಗ್ಗೆ ಕೀಲಿ ತಿರುವಿದರೆ ಕಿಟಕ್ ಎಂದು ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, "ಬ್ಯಾಟರಿ ಖತಂ ಸಾಬ್" ಅಂದ. ಹೊಸ ಬ್ಯಾಟರಿ ಹಾಕಿಸಿದೆ. ಮರುದಿನ ಬೆಳಿಗ್ಗೆ ಅದೂ ಖತಂ. ಆಮೇಲೆ ಡೈನಮೋ ಅಂದ, ಅದನ್ನೂ ಬಿಚ್ಚಿ ಕಟ್ಟಿದ. ಓಣಿಯವರೆಲ್ಲ ಸೇರಿ ದಿನಾ ಬೆಳಿಗ್ಗೆ ನನ್ನ ಕಾರು ನೂಕುವುದು ಒಂದು ವ್ಯಾಯಾಮವಾಯಿತು.

ಇದರ ಜೊತೆಗೆ ಇನ್ನೊಂದು ತಕರಾರು. ಕಾಕು ಕಾರು ಓಡಿಸುವಾಗಲೆಲ್ಲ ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ಒಬ್ಬ ಆಟೋದವನು ಪಕ್ಕಕ್ಕೇ ಬಂದು, "ಅಮ್ಮಾ, ಬ್ರೇಕ್ ಛೋಡೋ!" ಎಂದು ಕಿರುಚಿ ಹೋದ. ನನಗೆ ರೇಗಿತು. ಹೆದರಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಿದ್ದಾರೆ ಎಂದುಕೊಂಡೆ.

"ನನ್ನ ಕಾಲು ಅದರ ಮ್ಯಾಲಿಲ್ಲೋ ತಮ್ಮಾ."

"ಹಂಗಾರ ಹಿಂದಿನವರೆಲ್ಲ ಸುಳ್ಳು ಹೇಳ್ತಾರೇನ್ರಿ ಕಾಕು?"

ಅಷ್ಟಕ್ಕೇ ಬಿಡಲಿಲ್ಲ ನಾನು. ಕೊನೆಯ ದಿನ ನಾನೇ ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತರೆ ಸಾಕು ಎಂದು ತೀರ್ಪು ಕೊಟ್ಟೆ. ಕಾಕು ಕಾರಿನಿಂದ ಇಳಿದು, ಕಸಬರಿಗೆ ತೆಗೆದುಕೊಂಡು ಒಳಗೆ ಹೋದರು. ಪ್ರತಿ ವಾರ ಕಾಕು ಕಳಿಸುತ್ತಿದ್ದ ಶೇಂಗಾ ಹಿಂಡಿಯ ಚಟ್ನಿಪುಡಿ ಆ ವಾರ ಮೇಲಿನ ಮನೆಗೆ ಬರಲಿಲ್ಲ. ಹಾಗಾದ ಮೇಲೂ ನನಗೆ ಬುದ್ಧಿ ಬರಲಿಲ್ಲ ನೋಡಿ…

ನಿವೃತ್ತಿಗೆ ನಾಲ್ಕು ದಿನ ಉಳಿದಿತ್ತು. ಅವತ್ತು ಹೇಗೋ ಆಫೀಸಿನಿಂದ ಕಾರು ತಂದು ಎಂದಿನಂತೆ ಅದರ ಬೆನ್ನನ್ನು ಕಾಂಪೌಂಡ್ ಗೋಡೆಗೆ ಹಚ್ಚಿ ನಿಲ್ಲಿಸಿ ಮೇಲೆ ಹೋಗಿದ್ದೆ. ಮುಸ್ಸಂಜೆ ಕಾಕು ತುಳಸಿಗೆ ದೀಪ ಹಚ್ಚಲು ಹೊರಬಂದವರು ಕೂಗಿದರು.

"ತಮ್ಮಾ, ಕೆಳಗ ಬಾ!"

ಬಂದು ನೋಡಿದರೆ ಕಾರಿನ ಹಿಂದೆ ಗೋಡೆಯೆಲ್ಲ ಕೆಂಪಾಗಿತ್ತು. ಕಾಕು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಗಾಡ್ಯಾಗ ಯಾರೂ ಇಲ್ಲ. ಕೀಲಿ ನಿನ್ನ ಕಿಸೇದಾಗ ಐತಿ. ಈಗ ಹೇಳು, ಬ್ರೇಕಿನ ಮ್ಯಾಲೆ ಯಾರ ಕಾಲು ಐತಿ?"

ಅದು ಹಿಂದಿನ ಬ್ರೇಕ್ ದೀಪಗಳ ಬೆಳಕು. ರಾತ್ರಿಯಿಡೀ ಉರಿಯುವ ಈ ದೀಪಗಳೇ ಬ್ಯಾಟರಿ ಕುಡಿಯುತ್ತಿದ್ದವು ಎಂದು ಆಗ ಹೊಳೆಯಿತು. ಹಗಲಲ್ಲಿ ಗೋಡೆಯ ಮರೆಯಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ, ಸಂಜೆ ನಾನು ಹಿಂತಿರುಗಿ ನೋಡುತ್ತಿರಲಿಲ್ಲ. ಮೆಕ್ಯಾನಿಕ್ ನಾಳೆ ಬರಲಿ ಎನ್ನುವಷ್ಟರಲ್ಲಿ ಕಾಕು ಒಳಗಿಂದ ಟಾರ್ಚ್ ತಂದಾಗಿತ್ತು.

"ಕಾಕು, ಇದು ನೀವು ರಿಪೇರಿ ಮಾಡೋ ಮಿಕ್ಸರ್ ಅಲ್ಲರಿ."

"ಹೌದಪಾ, ಮಿಕ್ಸರಿಗೆ ಬ್ರೇಕ್ ಇರಂಗಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು, ಸ್ಟೀರಿಂಗ್ ಕೆಳಗೆ ತಲೆ ಹಾಕಿದರು.

ನನ್ನನ್ನು ಕಾರಿನ ಹಿಂದೆ ವರದಿಗಾರನನ್ನಾಗಿ ನಿಲ್ಲಿಸಿದ್ದರು. ಮೊದಲು ಪೆಡಲ್ಲನ್ನು ಕೈಯಿಂದ ಮೇಲಕ್ಕೆಳೆದರು. "ಆರಿತೇನು?" "ಇಲ್ರಿ." ಪೆಡಲ್ಲಿನ ಮೇಲ್ಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದರ ವೈರು ಬಿಚ್ಚಿದರು. "ಆರಿತ್ರಿ!" ಹಾಗಾದರೆ ಹಿಂದಿನ ವೈರುಗಳ ಸುದ್ದಿಗೆ ಹೋಗುವುದು ಬೇಡ ಎಂದು ಮತ್ತೆ ಸಿಕ್ಕಿಸಿದರು. ಆಮೇಲೆ ಸ್ವಿಚ್ಚಿನ ಮೂತಿಯನ್ನು ಬೆರಳಿಂದ ಒತ್ತಿದರು, ದೀಪ ಆರಿತು. ಬಿಟ್ಟರು, ಹತ್ತಿತು. ಮೆಕ್ಯಾನಿಕ್ ಎರಡು ವಾರ ಊಹೆ ಮಾಡಿದ. ಈಕೆ ಏನನ್ನೂ ಊಹಿಸಲಿಲ್ಲ, ಒಂದೊಂದನ್ನೇ ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ನಾಚಿಕೆ ಮತ್ತು ಖುಷಿ ಎರಡೂ ಒಟ್ಟಿಗೆ ಆಗುವುದು ಅಂದರೆ ಹೀಗೆ ಎಂದು ನನಗೆ ಅವತ್ತು ತಿಳಿಯಿತು.

"ಸ್ವಿಚ್ ಛಲೋ ಐತಿ. ಫ್ರಿಜ್ಜಿನ ಬಾಗಿಲಾ ಹಾಕಿದ್ರ ಗುಂಡಿ ಒತ್ತಿ ಲೈಟ್ ಆರ್ತೈತಲ್ಲ, ಹಂಗ ಇದು. ಪೆಡಲ್ ಮ್ಯಾಲೆ ಬಂದಾಗ ಇದನ್ನ ಒತ್ತಬೇಕು. ಆದ್ರ ಒತ್ತೂ ಜಾಗಾದಾಗ ತೂತು ಐತಿ. ಇಲ್ಲಿ ಏನೋ ಇತ್ತು, ಎಲ್ಲಿ ಹೋತದು?"

ತೂತಿನ ಅಂಚಿನಲ್ಲಿ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ಟಾರ್ಚ್ ಹಿಡಿದರು. ಹಳದಿ ಪ್ಲಾಸ್ಟಿಕ್ಕಿನ ಚೂರು. ಹಳತಾಗಿ ಪುಡಿಪುಡಿಯಾಗಿತ್ತು. ಕಾಕು ನನ್ನನ್ನು ಕರೆದು ಅದನ್ನು ಮುಖಕ್ಕೆ ಹಿಡಿದರು.

"ತಮ್ಮಾ… ಪುಠಾಣಿ."

ಇಬ್ಬರೂ ಅಂಗಳದಲ್ಲೇ ಕೂತುಬಿಟ್ಟೆವು. ಕಾಕು ನಗುತ್ತಾ ಕಣ್ಣು ಒರೆಸಿಕೊಂಡರು. ಪುಠಾಣಿ ಎಂದು ತಮ್ಮ ಕೈಯಾರೆ ಈ ಚೂರುಗಳನ್ನೇ ಗುಡಿಸಿ ಮರದ ಬುಡಕ್ಕೆ ಹಾಕಿದ್ದರು, ನಾನು ಅದಕ್ಕೆ ಕ್ಷಮೆ ಬೇರೆ ಕೇಳಿದ್ದೆ!

"ತಪ್ಪಾತ್ರಿ ಕಾಕು" ಅಂದೆ. ಈ ಸಲ ತಿಂಡಿಗಲ್ಲ.

"ನನಗಲ್ಲ, ನನ್ನ ಕಾಲಿಗೆ ಹೇಳು" ಅಂದರು.

ಆ ತೂತಿಗೆ ಏನು ಹಾಕುವುದು? ಕಾಕು ಸುತ್ತಲೂ ನೋಡಿದರು. ಹೊಸ್ತಿಲ ಬಳಿ ಕಾಕಾನ ಹವಾಯಿ ಚಪ್ಪಲಿಗಳಿದ್ದವು. ಒಂದರ ಬಾರಿನ ತುದಿಯಲ್ಲಿ ಅಟ್ಟೆಗೆ ಸಿಕ್ಕಿಸುವ ರಬ್ಬರಿನ ಗುಂಡಿ ಇರುತ್ತದಲ್ಲ, ಅದನ್ನು ಕಚಕ್ ಅಂತ ಕತ್ತರಿಸಿ ತೂತಿಗೆ ತುರುಕಿದರು. ಹೇಳಿ ಮಾಡಿಸಿದಂತೆ ಕೂತಿತು. ಗೋಡೆಯ ಕೆಂಪು ಹೋಯಿತು. ಪೆಡಲ್ ಒತ್ತಿದರೆ ಬಂತು, ಬಿಟ್ಟರೆ ಹೋಯಿತು. ಮರುದಿನ ಡ್ಯೂಟಿಯಿಂದ ಬಂದ ಕಾಕಾ ಬಾರು ಕಿತ್ತ ಚಪ್ಪಲಿ ಹಿಡಿದು ಓಣಿಯ ನಾಯಿಗೆ ಬೈಯುತ್ತಾ ನಿಂತಿದ್ದರು. ನಾವಿಬ್ಬರೂ ನಾಯಿಯ ಪರವಾಗಿ ಒಂದು ಮಾತೂ ಆಡಲಿಲ್ಲ.

ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಆಮೇಲೆ ಮೂರೂ ದಿನ ಬೆಳಿಗ್ಗೆ ಕಾರು ಒಂದೇ ಕೀಲಿಗೆ ಎದ್ದಿತು.

ಕೊನೆಯ ದಿನ ಕಾಕು ಇಳಕಲ್ ಸೀರೆ ಉಟ್ಟು ಸ್ಟೀರಿಂಗ್ ಮುಂದೆ ಕೂತರು. ಪೇಢಾ ಡಬ್ಬಿ ನನ್ನ ತೊಡೆಯ ಮೇಲೆ. ಸಿಕಂದರಾಬಾದು ದಾಟಿ, ಬೋಯಿನಪಲ್ಲಿಯಲ್ಲಿ ಎರಡು ಸಲ ಇಂಜಿನ್ ಬಂದ್ ಮಾಡಿ, ದಾರಿಯುದ್ದಕ್ಕೂ ತಾವೇ ಓಡಿಸಿದರು. ಹಿಂದಿನವರು ಯಾರೂ ಬ್ರೇಕ್ ಬಿಡು ಎಂದು ಕೂಗಲಿಲ್ಲ.

ಬಾಲಾನಗರ ತಲುಪಿ ದೊಡ್ಡ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಬಾರಿಸಿದರು. ವಾಚ್‌ಮನ್ ಒಳಗೆ ಯಾರಿದ್ದಾರೆಂದು ನೋಡಲೇ ಇಲ್ಲ. ಓಡಿ ಬಂದು ಎರಡೂ ಬಾಗಿಲು ತೆರೆದು ಸಲಾಮು ಹೊಡೆದ. ಕಾರು ಅವನ ಪಕ್ಕಕ್ಕೆ ಬಂದಾಗ ಅವನ ಕೈ ಹಣೆಯ ಮೇಲೇ ಉಳಿಯಿತು.

"ಅಮ್ಮಾ, ಮೀರಾ?" ನೀವಾ ಎಂದು ತೆಲುಗಿನಲ್ಲಿ ಕೇಳಿದ.

"ನಾನ" ಅಂದರು ಕಾಕು, ಕನ್ನಡದಲ್ಲೇ. ತೆಲುಗು ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವನು ಕೈ ಇಳಿಸಲಿಲ್ಲ, ಈ ಸಲ ನಗುತ್ತಾ ಮತ್ತೊಮ್ಮೆ ಸಲಾಮು ಹೊಡೆದ. ಕಾಕು ಎರಡು ಕಾರಿನ ಜಾಗದಲ್ಲಿ ಒಂದು ಕಾರನ್ನು ಅಡ್ಡಡ್ಡ ನಿಲ್ಲಿಸಿದರು. ಅವರ ವಿಭಾಗದ ಹೆಂಗಸರು ಕೆಲಸ ಬಿಟ್ಟು ಓಡಿ ಬಂದು ಕಾರನ್ನೂ ಅವರನ್ನೂ ಸುತ್ತುವರಿದರು. ಕಾಕು ಅಳಲಿಲ್ಲ. ನಾನು ಪೇಢಾ ಡಬ್ಬಿ ಹಿಡಿದುಕೊಂಡು ಕಾರಿನ ಆ ಕಡೆ ನಿಂತು ಅತ್ತೆ, ಸುಳ್ಳೇಕೆ ಹೇಳಲಿ.

ಸಂಜೆ ಕರೆಯಲು ಹೋದಾಗ ಹಾರ ಹಾಕಿಕೊಂಡೇ ಬಂದರು, ಹಿಂದಿನ ಬಾಗಿಲು ತೆರೆದರು.

"ಈಗ ನೀ ಹೊಡಿ. ನನಗ ಭಾಳ ನಿದ್ದಿ ಬಂದೈತಿ."

ಬೋಯಿನಪಲ್ಲಿ ಬರುವ ಮೊದಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮನೆ ಮುಂದೆ ಕಾರು ನಿಲ್ಲಿಸಿದೆ. ಎಬ್ಬಿಸಲು ಮನಸ್ಸಾಗದೆ ಹಾಗೇ ಕೂತೆ. ಹತ್ತು ನಿಮಿಷವಾಗಿರಬಹುದು, ಮೇಲಿಂದ ಹೆಂಡತಿ ಚಹಾ ಆರುತ್ತದೆ ಎಂದು ಕೂಗಿದಳು. ಕಾಕುರಿ, ಮನಿ ಬಂತ್ರಿ ಎಂದು ಎಬ್ಬಿಸಿದೆ.

ಕಾಕು ಹೋಗಿ ಮೂರು ವರ್ಷವಾಯಿತು. ನಾವು ಆಗ ಮನೆ ಬದಲಿಸಿಯಾಗಿತ್ತು, ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕೊನೆಯ ಸಲ ಮುಖ ನೋಡಲು ಆಗಲಿಲ್ಲ ಎಂಬ ಸಂಕಟ ಈಗಲೂ ಇದೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಹತ್ತು ನಿಮಿಷ. ಚಹಾ ಆರಿದರೆ ಆರುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಮಲಗಲು ಬಿಡಬೇಕಾಗಿತ್ತು.