ಸೋದರತ್ತೆ ಬಿಚ್ಚಿದ ಹಾಸಿಗೆ

ಮೊನ್ನೆ ವಿದ್ಯಾನಗರದ ನಮ್ಮ ಬೀದಿಗೆ ಹಳೇ ಹಾಸಿಗೆ ಹಿಂಜಿಕೊಡುವ ಗಾಡಿ ಬಂದಿತ್ತು. ಪಕ್ಕದ ಮನೆಯವರು ತಮ್ಮದೊಂದನ್ನು ಕೊಟ್ಟರು. ಯಂತ್ರ ತಿರುಗತೊಡಗಿದ್ದೇ ತಡ, ಗೇಟಿನ ಹತ್ತಿರ ನಿಂತಿದ್ದ ನನಗೆ ಆ ವಾಸನೆ ಬಡಿಯಿತು. ಬಿಸಿಲು, ಧೂಳು, ಹತ್ತಿಬೀಜದ ಎಣ್ಣೆಯ ಜಿಡ್ಡು, ಎಂದೋ ಒಣಗಿಹೋದ ಹಾಲಿನ ಕಮಟು... ಒಳಗೆ ಬಂದು ಕೂತುಬಿಟ್ಟೆ. ಧೂಳಿಗೆ ಕೆಮ್ಮು ಬಂದಿರಬೇಕೆಂದು ಸೊಸೆ ನೀರು ತಂದುಕೊಟ್ಟಳು. ನನಗೆ ಸೋದರತ್ತೆ ನೆನಪಾಗಿದ್ದರು.

ಅವರು ನನ್ನ ಮಾವನವರ ಅಕ್ಕ. ನಮ್ಮ ಯಜಮಾನರು ಸೋದರತ್ತೆ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅರವತ್ತರ ದಶಕದ ಮೊದಲ ವರ್ಷಗಳು. ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳ ಹತ್ತಿರ ಕಸೂತಿ ಕಲಿತು, ದನಿಯೆತ್ತಿ ಮಾತಾಡುವುದೊಂದನ್ನು ಮಾತ್ರ ಕಲಿಯದೆ, ಹರಿಹರದಿಂದ ದಾವಣಗೆರೆಯ ಹತ್ತಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಿದ್ದೆ. ಸೋದರತ್ತೆ ಅಲ್ಲಿ ಹಿತ್ತಿಲ ಕಡೆಯ ಕೋಣೆಯಲ್ಲಿರುತ್ತಿದ್ದರು. ಬಹಳ ಹಿಂದೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವರು. ಐದು ತಿಂಗಳ ಗಂಡುಮಗು ಈ ಮನೆಯಲ್ಲೇ, ಮಲಗಿದ್ದಲ್ಲೇ ತೀರಿಕೊಂಡಿತ್ತು. ಮಗು ನುಂಗಿದವಳು ಎಂದರಂತೆ ಕಡರನಾಯಕನಹಳ್ಳಿಯ ಗಂಡನ ಮನೆಯವರು, ಮತ್ತೆ ಕರೆಸಿಕೊಳ್ಳಲೇ ಇಲ್ಲ. ತವರಿನವರು ದೃಷ್ಟಿ ತಾಗಿತು ಎಂದರು. ಎರಡನ್ನೂ ಯಾರೂ ಅವರೆದುರು ಆಡುತ್ತಿರಲಿಲ್ಲ. ಆದರೆ ಕೂಸು ಎತ್ತಿಕೊಂಡು ಬಂದ ಹೆಂಗಸರು ಅವರ ಕೋಣೆಯ ಮುಂದೆ ಒಂದಿಷ್ಟು ಬೇಗ ನಡೆಯುತ್ತಿದ್ದರು, ಸೆರಗು ತಾನಾಗಿ ಕೂಸಿನ ಮುಖದ ಮೇಲೆ ಬರುತ್ತಿತ್ತು. ಅವರು ಅದನ್ನು ನೋಡಿಯೂ ನೋಡದವರಂತೆ ಅಕ್ಕಿ ಆರಿಸುತ್ತಿದ್ದರು.

ಆ ಮನೆಯಲ್ಲಿ ಕೂಸುಗಳಿಗೆಂದೇ ಒಂದು ಹಾಸಿಗೆ ಇತ್ತು. ಮಾವನವರ ಅಜ್ಜ ಹೊಲಿಸಿದ್ದಂತೆ. ಪ್ರತಿ ಸುಗ್ಗಿಯಲ್ಲೂ ಮಂಡಿಗೆ ಬಂದ ಮೊದಲ ಅಂಡಿಗೆಯ ಮೂಟೆ ಬಿಚ್ಚಿ ಒಂದು ಬೊಗಸೆ ಹತ್ತಿ ತೆಗೆದು, ಲಿಂಗಪೂಜೆಯಾದ ಮೇಲೆ ಅದಕ್ಕೆ ವಿಭೂತಿ ಮುಟ್ಟಿಸಿ, ಆ ಹಾಸಿಗೆಯ ಮೂಲೆಯಲ್ಲಿ ತುಂಬಿ ಮತ್ತೆ ಹೊಲಿಯುತ್ತಿದ್ದರು. ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವೂ ಅದರ ಮೇಲೇ ಮಲಗಬೇಕು. ಹತ್ತಿ ಅವರಿಗೆ ಲಕ್ಷ್ಮಿ, ಆ ಹಾಸಿಗೆ ಮನೆಯ ಅದೃಷ್ಟ. ಹೀಗೆ ತುಂಬುತ್ತ ತುಂಬುತ್ತ ಅದು ಉಬ್ಬಿಹೋಗಿತ್ತು. ಕೈಯಿಟ್ಟರೆ ಮಣಿಕಟ್ಟಿನವರೆಗೂ ಮುಳುಗುತ್ತಿತ್ತು. ಬಂದವರೆಲ್ಲ ಕೈ ಊರಿ ನೋಡಿ, ಇಷ್ಟು ಮೆತ್ತಗಿನದು ಅರಮನೆಯಲ್ಲೂ ಇರಲಾರದು ಎನ್ನುತ್ತಿದ್ದರು. ಅತ್ತೆಯವರ ಮುಖ ಆಗ ಅರಳುತ್ತಿತ್ತು.

ಹರಿಹರದಲ್ಲಿ ಬಾಣಂತನ ಮುಗಿಸಿ ಮಗಳನ್ನು ಕರೆತಂದಾಗ ಅವಳಿಗೆ ಐದನೇ ತಿಂಗಳು. ನನ್ನ ಅಮ್ಮ ಅವಳನ್ನು ಚಾಪೆಯ ಮೇಲೆ ಹಳೆಯ ಸೀರೆ ಮಡಿಸಿ ಮಲಗಿಸುತ್ತಿದ್ದಳು. ಇಲ್ಲಿ ಬಂದ ದಿನವೇ ಆ ಹಾಸಿಗೆ. ವಾರದೊಳಗೆ ಮಗಳು ಮೊದಲ ಸಲ ಬೋರಲು ಬಿದ್ದಳು. ಅತ್ತೆಯವರು ಓಣಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದರು. ಬೋರಲು ಬೀಳಲು ಬಂದಿತ್ತೇ ಹೊರತು ಮತ್ತೆ ಅಂಗಾತ ತಿರುಗಲು ಅವಳಿಗೆ ಬರುತ್ತಿರಲಿಲ್ಲ. ಕೈಯೊಂದು ಮೈಕೆಳಗೆ ಸಿಕ್ಕಿಕೊಂಡು, ಆಮೆಯ ಹಾಗೆ ಕತ್ತು ಎತ್ತಿ ಎತ್ತಿ ಅಳುತ್ತಿದ್ದಳು. ನಿದ್ದೆಯಲ್ಲಿ ಉರುಳಿ ಕೆಳಗೆ ಬಿದ್ದರೆ ಹೇಗೆ ಎಂದು ಅತ್ತೆಯವರು ಮೆತ್ತನೆಯ ವಸ್ತ್ರದಲ್ಲಿ ಅವಳ ಕೈಗಳನ್ನು ಮೈಗೆ ಸೇರಿಸಿ ಸುತ್ತಿ, ಎರಡೂ ಪಕ್ಕ ದಿಂಬು ಇಡತೊಡಗಿದರು. ಅವರದು ಪ್ರೀತಿಯೇ. ಸುತ್ತಿದ ವಸ್ತ್ರದ ತುದಿಯನ್ನು ಎಷ್ಟು ನಾಜೂಕಾಗಿ ಸಿಕ್ಕಿಸುತ್ತಿದ್ದರು...

ಸೋದರತ್ತೆ ನನ್ನೊಡನೆ ಹೆಚ್ಚು ಮಾತಾಡಿದವರಲ್ಲ. ಆ ವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತರು. ಬೋರಲಾದ ಕೂಸು ವಾಪಸ್ ತಿರುಗುತ್ತಾಳೇನು ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. "ಹಂಗಾರ ಕೈ ಕಟ್ಟಬ್ಯಾಡ," ಎಂದರು. ಅತ್ತೆಯವರಿಗೆ ಅದನ್ನು ಹೇಳಿದೆ. ಅವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಪಾಪ, ಅವರ ಕಥೆ ನಿನಗೆ ಗೊತ್ತಲ್ಲ ಎಂದುಬಿಟ್ಟರು.

ಮಾರನೇ ದಿನವೋ ಅದರ ಮಾರನೇ ದಿನವೋ, ಮಧ್ಯಾಹ್ನ. ಮಗಳು ನಡುಮನೆಯಲ್ಲಿ ಮಲಗಿದ್ದಳು, ಹೆಂಗಸರು ಅಡುಗೆಮನೆಯಲ್ಲಿ ಗಂಡಸರ ಊಟಕ್ಕೆ ಅಣಿಮಾಡುತ್ತಿದ್ದೆವು. ನಡುಮನೆಯಲ್ಲಿ ಏನೋ ದಬ್ ಎಂದಿತು. ಓಡಿದೆ. ದಿಂಬೊಂದು ಬಾಗಿಲ ಹತ್ತಿರ ಬಿದ್ದಿತ್ತು. ಸೋದರತ್ತೆ ನನ್ನ ಮಗಳನ್ನು ಮುಂಗೈ ಮೇಲೆ ಹಾಕಿಕೊಂಡು ಬೆನ್ನು ತಿಕ್ಕುತ್ತಿದ್ದರು. ಕಟ್ಟಿದ ವಸ್ತ್ರ ಅರ್ಧ ಬಿಚ್ಚಿ ನೇತಾಡುತ್ತಿತ್ತು. ಮಗಳ ಮುಖ ಬದನೆಕಾಯಿಯ ಬಣ್ಣ. ಮೂಗಿನ ತುದಿಯಲ್ಲಿ, ಕೆನ್ನೆಯ ಮೇಲೆ ಹಾಸಿಗೆ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು. ಆ ಎಳೆಗಳು ಈಗಲೂ ಕಣ್ಣಿಗೆ ಕಟ್ಟಿವೆ... ಆಮೇಲೆ ಒಂದು ಉಸಿರು, ಬಿಕ್ಕಳಿಕೆಯಂಥದು. ಆಮೇಲೆ ಅಳು.

ಕಟ್ಟಿದ ಕೈಯಲ್ಲೇ ಮಗುಚಿಕೊಂಡಿದ್ದಳು. ಮುಖ ಹತ್ತಿಯಲ್ಲಿ ಹೂತುಹೋಗಿತ್ತು.

ಅತ್ತೆಯವರು ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿದರು. ಕೊಬ್ಬರಿ ಸಕ್ಕರೆ ಹಂಚಿದ್ದಕ್ಕೇ ಯಾರದೋ ಕಣ್ಣು ಬಿತ್ತು ಎಂದರು. ನೀವು ಯಾಕೆ ಮುಟ್ಟಲು ಹೋದಿರಿ ಎಂದು ಸೋದರತ್ತೆಯನ್ನೂ ಕೇಳಿದರು. ಆಮೇಲೆ ಹಾಸಿಗೆಯ ಮೇಲೆ ಕೈಯಾಡಿಸಿ ಸರಿಮಾಡಿ, ಮಗುವನ್ನು ಕೊಡು, ಮಲಗಿಸೋಣ ಎಂದು ನನ್ನತ್ತ ಕೈ ಚಾಚಿದರು.

ಸೋದರತ್ತೆ ಅವರ ಕೈಕೆಳಗಿನಿಂದ ಹಾಸಿಗೆಯನ್ನು ಎಳೆದರು. ದರದರ ಅಂಗಳಕ್ಕೆ ಒಯ್ದರು. ಅಡುಗೆಮನೆಯಿಂದ ಈಳಿಗೆಮಣೆ ತಂದು ಹಾಕಿ, ಅದರ ಮೇಲೆ ಕಾಲೂರಿ, ಹಾಸಿಗೆಯ ಹೊಲಿಗೆಯನ್ನು ತರಕಾರಿ ಹೆಚ್ಚುವಷ್ಟೇ ಸಮಾಧಾನವಾಗಿ ಕೊಯ್ಯುತ್ತ ಹೋದರು. ಹತ್ತಿ ಎದ್ದಿತು. ಮೇಲಿನದು ಬಿಳಿ, ಒಳಗಿನದು ಕೆನೆ ಬಣ್ಣ, ಅದರೊಳಗೆ ಹಳದಿ, ತಳದಲ್ಲಿ ಬೂದಿಯಂಥ ಗಂಟು ಗಂಟು. ಎಷ್ಟೋ ಸುಗ್ಗಿಗಳು ಒಂದರ ಮೇಲೊಂದು ಕೂತಿದ್ದವು. ಅವರ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಯಿತು.

ಅಷ್ಟರಲ್ಲಿ ಮಾವನವರು ಮಂಡಿಯಿಂದ ಊಟಕ್ಕೆ ಬಂದರು. ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಹಾಗೇ ನಿಂತರು. ಆ ಮನೆಯಲ್ಲಿ ಅವರೆದುರು ಯಾರೂ ಕೂತು ಮಾತಾಡುತ್ತಿರಲಿಲ್ಲ. ಸೋದರತ್ತೆ ಏಳಲಿಲ್ಲ.

"ಅಕ್ಕ, ಮನೆ ಲಕ್ಷ್ಮಿ ಐತೆ ಅದು," ಎಂದರು ಮಾವನವರು.

"ಹತ್ತಿ ಐತೆ ತಮ್ಮ. ನನ್ನ ಮಗ ಇದರಾಗ ಮುಖ ಇಟ್ಟು ಸತ್ತ. ಎತ್ತಿದಾಗ ಬಾಯಿ ಇದ್ದ ಜಾಗ ಹಸಿಯಾಗಿತ್ತು, ಅವತ್ತೇ ತೋರಿಸಿದ್ದೆ. ನಂಬಿದ್ರ ಹಾಸಿಗೆ ಹೊರಗ ಹಾಕಬೇಕಿತ್ತು. ನನ್ನ ಹೊರಗ ಹಾಕೋದು ಸಲೀಸಾತು ಎಲ್ಲಾರಿಗೂ."

ಮಾವನವರು ಆ ಇನ್ನೊಂದು ಚಪ್ಪಲಿಯನ್ನು ಕಳಚಿ, ಕೈಕಾಲು ತೊಳೆಯದೆ ಒಳಗೆ ಹೋದರು. ಊಟ ಮಾಡಲಿಲ್ಲ. ಅತ್ತೆಯವರು ಅಳುತ್ತ, ಆದದ್ದಾಯಿತು, ಇದೇ ಹತ್ತಿ ಹಿಂಜಿಸಿ ಹೊಸದು ಹೊಲಿಸಿದರಾಯಿತು ಎಂದರು.

"ಬ್ಯಾಡ್ರಿ ಅತ್ತೆ. ನನ್ನ ಮಗಳು ನೆಲದ ಮ್ಯಾಲೇ ಮಲಗ್ತಾಳೆ."

ಎಲ್ಲರೂ ನನ್ನತ್ತ ತಿರುಗಿದರು. ಆ ದನಿ ನನ್ನದೇ ಎಂದು ನನಗೂ ಕೊಂಚ ತಡವಾಗಿ ತಿಳಿಯಿತು.

ಅಂದಿನಿಂದ ಸೋದರತ್ತೆಯ ಕೋಣೆಯಲ್ಲೇ, ಗಟ್ಟಿ ಜಮಖಾನೆ ಬಿಗಿಯಾಗಿ ಹಾಸಿ ಮಗಳನ್ನು ಮಲಗಿಸಿದೆ. ಯಾವಾಗಲೂ ಅಂಗಾತ ಮಲಗಿಸು, ಸುತ್ತ ದಿಂಬು, ದುಪ್ಪಟಿ ಏನೂ ಬೇಡ, ಕೈ ಬಿಟ್ಟಿರಲಿ, ಬೋರಲಾದರೆ ಮೆಲ್ಲಗೆ ತಿರುಗಿಸು ಎಂದರು. ಆಚೆಗೂ ಈಚೆಗೂ ತಾನೇ ಹೊರಳಲು ಬಂದ ಮೇಲೆ ಅವಳಿಗೆ ಬೇಕಾದ ಹಾಗೆ ಮಲಗಲಿ, ನೀನೂ ನಿದ್ದೆ ಮಾಡು ಎಂದರು. ಮಗಳು ಆ ಜಮಖಾನೆಯ ಮೇಲೆ ಬೋರಲು ಬಿದ್ದು, ಕೆಂಪು ಪಟ್ಟಿಗಳನ್ನು ಕೆರೆಯುತ್ತ, ಒಂದು ಬೆಳಗ್ಗೆ ತಟ್ಟನೆ ಅಂಗಾತವಾದಳು. ಸೋದರತ್ತೆ ಆಗ ನಕ್ಕದ್ದನ್ನು ನೋಡಿದೆ. ಮುಂದಿನ ಹಲ್ಲೊಂದು ಅವರಿಗಿರಲಿಲ್ಲ, ಅಷ್ಟು ದಿನ ಅದು ನನಗೆ ಗೊತ್ತೇ ಆಗಿರಲಿಲ್ಲ.

ಆ ವರ್ಷ ಹತ್ತಿಯ ಧಾರಣೆ ಬಿತ್ತು. ಹಾಸಿಗೆ ಬಿಚ್ಚಿದ್ದೇ ಕಾರಣ ಎಂದು ನೆಂಟರು ಬಂದು ಕೊಂಕಾಡಿದರು. ಸೋದರತ್ತೆ ಬಾಗಿಲಲ್ಲಿ ನಿಂತು, "ಹಂಗಾದ್ರ ನನ್ನ ಮಂಡೀಗೇ ಕರ್ಕಂಡು ಹೋಗ್ರಿ, ಸೂಜಿ ದಾರ ತಂದು ಹೊಲಿದು ಧಾರಣಿ ಏರಿಸಿಕೊಟ್ಟು ಬರ್ತೀನಿ," ಎಂದರು. ಅತ್ತೆಯವರೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾವನವರು ಮಾತ್ರ ಅಕ್ಕನೊಡನೆ ಮತ್ತೆ ಮಾತಾಡಲಿಲ್ಲ. ಸೋದರತ್ತೆಯೂ ಅದಕ್ಕೆ ಕಾಯಲಿಲ್ಲ. ಮುಂದೆ ಕೊಂಡಜ್ಜಿಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದ ನಾದಿನಿ, ಯಾರೂ ಹೇಳದೆಯೇ, ತನ್ನ ಕೂಸನ್ನು ಎತ್ತಿಕೊಂಡು ನೇರವಾಗಿ ಹಿತ್ತಿಲ ಕೋಣೆಗೆ ನಡೆದಳು. ಸೆರಗು ಮುಚ್ಚಿರಲಿಲ್ಲ.

ನನ್ನ ಮಗಳು ಶಾಲೆಗೆ ಸೇರಿದ ವರ್ಷ ಸೋದರತ್ತೆ ತೀರಿಹೋದರು. ಕಡರನಾಯಕನಹಳ್ಳಿಗೆ ಹೇಳಿಕಳಿಸಿದ್ದೆವು... ಯಾರೂ ಬರಲಿಲ್ಲ.

ಹೋದ ತಿಂಗಳು ಹರಿಹರದಲ್ಲಿ ಒಂದು ನಾಮಕರಣವಿತ್ತು. ಊಟದ ಸಾಲಿನಲ್ಲಿ ಹಿರಿಯರೊಬ್ಬರು ನಮ್ಮ ಮನೆಯ ಹಳೆಯ ಸುದ್ದಿ ತೆಗೆದು, ಅಲ್ಲೊಬ್ಬರಿದ್ದರಲ್ಲ, ದೃಷ್ಟಿ ತಾಗಿ ಮಗು ಸತ್ತು, ಗಂಡ ಬಿಟ್ಟವರು, ಎಂದರು. ನಾನು ಎಲೆಯಿಂದ ಕೈ ತೆಗೆದು, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದೆ. ದೃಷ್ಟಿ ತಾಗಿರಲಿಲ್ಲ, ಮಗು ಮೆತ್ತನೆಯ ಹಾಸಿಗೆಯಲ್ಲಿ ಮಗುಚಿಕೊಂಡು ಉಸಿರುಗಟ್ಟಿ ಸತ್ತಿತು, ತಾಯಿಯದು ಏನೂ ತಪ್ಪಿರಲಿಲ್ಲ ಎಂದು. ಶುಭಕಾರ್ಯದಲ್ಲಿ ಇಂಥ ಮಾತು ಯಾಕೆ ಎಂದರು. ತೊಟ್ಟಿಲ ಮುಂದೆ ಆಡದೆ ಇನ್ನೆಲ್ಲಿ ಆಡಲಿ ಎಂದೆ.

ಊಟವಾದ ಮೇಲೆ ಮಗುವಿನ ತಾಯಿ, ಚಿಕ್ಕ ಹುಡುಗಿ, ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಆ ಮಗುವಿನ ಹೆಸರೇನಿತ್ತು ಅಜ್ಜಿ ಎಂದು ಕೇಳಿದಳು. ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರೂ ಅದನ್ನು ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ಹೇಳಬಲ್ಲವರು ಒಬ್ಬರೇ ಇದ್ದರು, ಅವರೂ ಹೋಗಿ ಎಷ್ಟು ಕಾಲವಾಯಿತು... ಹೆಸರು ಉಳಿಯಲಿಲ್ಲ. ಆದರೆ ಅದು ಹೇಗೆ ಸತ್ತಿತು ಎಂಬುದು ನನಗೆ ಗೊತ್ತು. ಯಾರ ಊಟ ಕೆಟ್ಟರೂ ಸರಿ, ನಾನಿರುವತನಕ ಅದನ್ನು ಹೇಳುತ್ತೇನೆ.