ಗುಡಿಸಲ ಸಾಲೂ ನಮ್ಮಜ್ಜಿಯ ಬುದ್ಧಿಯೂ

ಬುದ್ಧಿ ಎನ್ನುವುದು ತಲೆಯೊಳಗಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ತಲೆಯಲ್ಲಿ ಸಿಕ್ಕಿರಲಿಲ್ಲ, ಆದರೂ ಹುಡುಕಿದರೆ ಸಿಕ್ಕೀತೆಂಬ ಆಸೆಯಿತ್ತು. ಅದು ಸ್ವಲ್ಪ ತಲೆಯಲ್ಲೂ, ಸ್ವಲ್ಪ ಗೋಡೆಯ ಗೂಡಿನಲ್ಲೂ, ಉಳಿದದ್ದು ಎದುರುಮನೆಯ ಜಗಲಿಯ ಮೇಲೂ ಇರುತ್ತದೆಂದು ತಿಳಿದದ್ದು ನಮ್ಮಜ್ಜಿಯಿಂದ.

ಕಳೆದ ವರ್ಷ ನರಸೀಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಇಲಿ ಬಿತ್ತು. ಇಲಿ ಸತ್ತು ಬಿದ್ದರೆ ಹಿಂದೆಯೇ ಪ್ಲೇಗು ಬರುತ್ತದೆ. ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳಬೇಕು. ಗುಡಿಸಲುಗಳಿಗೆ ಜಾಗ ಗೊತ್ತು ಮಾಡುವ ಕೆಲಸ ನನಗೆ ಬಂತು. ಯಾಕೆಂದರೆ ನಾನು ನಂಜನಗೂಡಿನಲ್ಲಿ ಇಂಗ್ಲಿಷ್ ಓದಿದವನು. ಪಾಸಾದೆನೋ ಎಂದು ಯಾರೂ ಕೇಳಲಿಲ್ಲ, ನಾನೂ ಅವರಿಗೆ ತೊಂದರೆ ಕೊಡಲಿಲ್ಲ. ಅಲ್ಲಿನ ಸ್ಟೇಷನ್ನಿನಲ್ಲಿ ರೈಲು ಡಬ್ಬಿಗಳು ಒಂದರ ಹಿಂದೊಂದು ನಿಲ್ಲುವ ಚೆಂದಕ್ಕೆ ಮರುಳಾಗಿದ್ದೆ. ಹಗ್ಗ ಎಳೆದು, ಗೂಟ ಹೊಡೆದು, ಗುಡಿಸಲುಗಳನ್ನೂ ಹಾಗೆಯೇ ನಿಲ್ಲಿಸಿದೆ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಕಡೆ ಬಾಗಿಲು, ಎದುರಿಗೆ ಬರೀ ಹೊಲ. ಸಾಲದೆಂದು, ಯಜಮಾನರ ಹೆಸರನ್ನು ಅಕಾರಾದಿಯಾಗಿ ಜೋಡಿಸಿ ಹಂಚಿದೆ. ನಾನೂ ಅಜ್ಜಿಯೂ ಸೇರಿದ ದೊಡ್ಡಪ್ಪ ಅಂದಾನಿಗೌಡನ ಮನೆ ಈ ತುದಿಗೆ. ಅಜ್ಜಿಯ ಎದುರುಮನೆಯ ವಿಧವೆ ಸಣ್ಣಮ್ಮ ಆ ತುದಿಗೆ. ಅಕ್ಷರಮಾಲೆ ಇಷ್ಟು ಉದ್ದವಿದೆಯೆಂದು ಸ್ಕೂಲಿನಲ್ಲೂ ಅನ್ನಿಸಿರಲಿಲ್ಲ.

ಕತ್ತಲಲ್ಲೂ ಕೈಚಾಚಿ ಉಪ್ಪಿನ ಮಡಕೆ ಮುಟ್ಟುತ್ತಿದ್ದ ಅಜ್ಜಿ, ಇಲ್ಲಿಗೆ ಬಂದ ಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ಮನೆಯಲ್ಲಿ ಬೆಳಕಿಂಡಿಯ ಬಿಸಿಲು ರಾಗಿ ತುಂಬುವ ಮಣ್ಣಿನ ವಾಡೆಗೆ ಬಿದ್ದರೆ ಹೊತ್ತು ಹೇಳುತ್ತಿದ್ದವಳು, ಸಂಜೆ ಎದ್ದು ಬೆಳಗಾಯಿತೇ ಎಂದು ಕೇಳಿದಳು. ಯಾರದೋ ಗುಡಿಸಲಿಗೆ ನುಗ್ಗಿ, ಮುದ್ದೆ ಗಂಟಾಯಿತೆಂದು ಅವರ ಸೊಸೆಗೆ ಚೆನ್ನಾಗಿ ಬೈದು ಬಂದಳು. ನನ್ನನ್ನು ತೀರಿಹೋದ ತಾತನ ಹೆಸರಿನಿಂದ ಕರೆದಳು. ಹೆಮ್ಮೆಯಿಂದ ಓಗೊಟ್ಟೆ, ತಾತನಿಗೆ ಬಾಕಿ ಉಳಿದಿದ್ದ ಬೈಗುಳವೆಲ್ಲ ನನಗೇ ಸಂದಿತು.

"ಅವ್ವಂಗೆ ಅರಳುಮರಳು ಕಣ್ಲಾ," ಎಂದ ದೊಡ್ಡಪ್ಪ. "ಸ್ವಾಮಾರ ಗಾಡಿ ಕಟ್ಟು. ನಂಜನಗೂಡ್ಲಿ ತಂಗಿ ಮನೇಲಿ ಬುಟ್ಬುಟ್ಟು ಬರದು. ನಂಜುಂಡಪ್ಪನ ತೀರ್ಥ ಕುಡ್ಕಂಡು ಅಲ್ಲೇ ಇರ್ಲಿ."

ಅಜ್ಜಿಗೆ ಇದು ಕೇಳಿಸಿತು. ಬಟ್ಟೆಗಂಟಿನ ಮೇಲೆ ಕೂತು ನನ್ನನ್ನು ಮೆಲ್ಲಗೆ ಕರೆದಳು.

"ನಂಗೆ ದಿಟ್ವಾಗ್ಲೂ ಬುದ್ಧಿ ಕೆಟ್ಟೋಗದೇನ್ಲಾ ಮೊಗಾ?"

ನಾನು ಪಕ್ಕದಲ್ಲಿ ಕೂತೆ, ಅವಳು ಗುಡಿಸಲಿನ ಬೋಳು ತಟ್ಟಿಯತ್ತ ಕೈ ತೋರಿದಳು.

"ಇಲ್ಲಿ ಏನ ಇಡ್ಕಂಡು ನೆಪ್ಪು ಮಾಡ್ಕಳದ್ಲಾ? ಗೋಡೆ ಇಲ್ಲ, ಗೂಡಿಲ್ಲ. ಬಯ್ಯಕ್ಕೆ ಸಣ್ಣವ್ವನೂ ಇಲ್ಲ."

ಮನಸ್ಸಿನ ವಾಸ ಹೃದಯದಲ್ಲಿ ಎಂದು ಶಾಸ್ತ್ರಿಗಳು, ಮಿದುಳಿನಲ್ಲಿ ಎಂದು ಡಾಕ್ಟರು. ಇಬ್ಬರೂ ಎತ್ತನ್ನು ಕೇಳಿಲ್ಲ. ಸಂತೆಯಿಂದ ಬರುವಾಗ ಗಾಡಿಯಲ್ಲಿ ನಾನು ಗೊರಕೆ ಹೊಡೆದರೂ ನಮ್ಮ ಎತ್ತು ತಪ್ಪದೆ ಮನೆ ಮುಟ್ಟುತ್ತದೆ. ಆ ಹುಣಸೆಮರ, ಆ ಹಳ್ಳ, ಆ ತಿರುವು, ಇವೇ ಅದರ ಬುದ್ಧಿ. ಅದನ್ನೇ ಮೈಸೂರಿನ ಪೇಟೆಬೀದಿಯಲ್ಲಿ ಬಿಡಿ, ನನ್ನಷ್ಟೇ ವಿದ್ಯಾವಂತನಾಗಿ ನಿಂತುಬಿಡುತ್ತದೆ.

ಆ ತುದಿಗೆ ಓಡಿ, ಗುಡಿಸಲನ್ನು ಅಜ್ಜಿಯ ಎದುರಿಗೆ ತರಲೇ ಎಂದು ಸಣ್ಣಮ್ಮನನ್ನು ಕೇಳಿದೆ. "ತಕ್ಕಂಡೋಗ್ಲಾ ನನ್ ಗುಡ್ಲ," ಎಂದಳು. "ಬಯ್ಯೋರಿಲ್ದೆ ನಂಗೂ ಗಂಟ್ಲು ಕಟ್ಕಂಡದೆ."

ಗುಡಿಸಲನ್ನು ಇಡಿಯಾಗಿ ಎತ್ತಲು ಹೋಗಿ, ಸೂರು ನನ್ನ ಮೇಲೆಯೇ ಕುಸಿಯಿತು. ಹುಲ್ಲಿನಿಂದ ನನ್ನನ್ನು ಎಳೆದುಹಾಕಿದ ಮೇಲೆ ನಾಲ್ಕಾರು ಜನ ಸೇರಿ, ಅದನ್ನು ನಮ್ಮ ಬಾಗಿಲಿಗೆ ಎದುರಾಗಿ ಕಟ್ಟಿದೆವು. ನನ್ನ ರೈಲು ಹಳಿ ತಪ್ಪಿತು. ಅಜ್ಜಿಗೆ ಮಣ್ಣಿನ ಜಗಲಿ ಹಾಕಿದೆ. ಒಲೆಯ ಬಲಕ್ಕೆ, ಹಳೇ ಎತ್ತರದಲ್ಲೇ, ಉಪ್ಪಿಗೊಂದು ಗೂಡು. ತಟ್ಟಿಯಲ್ಲಿ ಬೆಳಕಿಗೊಂದು ಕಿಂಡಿ.

ಸೋಮವಾರ ದೊಡ್ಡಪ್ಪ ಗಾಡಿ ಹೂಡಿ ನಿಂತಿದ್ದ. ಜಗಲಿಯ ಮೇಲಿಂದ ಅಜ್ಜಿಯ ದನಿ ಎದ್ದಿತು.

"ಏನೇ ಸಣ್ಣಿ, ನಿನ್ ಸಗಣಿನೀರು ನಮ್ ಬಾಗ್ಲಿಗೇ ಅರೀಬೇಕಾ?"

"ಅರಿದ್ರೆ ಪುಣ್ಯ ಬತ್ತದೆ, ಇಡ್ಕೊ!"

"ಪುಣ್ಯದ ಮಾತು ನೀನಾಡ್ಬೇಡ! ನಿನ್ ಮದ್ವೆ ದಿಸ ಪಾಯಸಕ್ಕೆ ಬೆಲ್ಲ ಸಾಲ್ದೆ ನಿಮ್ಮತ್ತೆ ಇತ್ಲ ಬಾಗ್ಲಲ್ಲಿ ಬಂದು ಈಸ್ಕಂಡೋದ್ದು ನಮ್ಮಟ್ಟೀಲಿ ಕಣೇ! ಅಚ್ಚುಬೆಲ್ಲ ಅಲ್ಲ, ಉಂಡೆಬೆಲ್ಲ! ಇನ್ನೂ ವಾಪಸ್ ಬಂದಿಲ್ಲ!"

ದೊಡ್ಡಪ್ಪ ಒಂದು ಗಳಿಗೆ ಕೇಳುತ್ತ ನಿಂತ. ಆಮೇಲೆ ನೊಗದಿಂದ ಎತ್ತು ಬಿಚ್ಚಿದ.

ಅಜ್ಜಿ ಪೂರ್ತಿ ಹದಿಹರೆಯಕ್ಕೆ ಮರಳಿದಳೆಂದು ಸುಳ್ಳು ಹೇಳಲಾರೆ. ಈಗಲೂ ಒಮ್ಮೊಮ್ಮೆ ನಾನು ತಾತನೇ. ಆದರೆ ಸಾರಿಗೆ ಉಪ್ಪು ಒಂದೇ ಸಲ.

ಇಲಿ ಬೀಳುವುದು ನಿಂತು, ಗೋಡೆಗೆ ಸುಣ್ಣವಾಗಿ, ನಾವು ಮನೆಗೆ ಹಿಂದಿರುಗಿದೆವು. ಗುಡಿಸಲಿಗೆ ಹೊಸ್ತಿಲಿರಲಿಲ್ಲ. ಅದೇ ಗತ್ತಿನಲ್ಲಿ ನುಗ್ಗಿದ ನಾನು, ಹುಟ್ಟಿದಾಗಿನಿಂದ ದಾಟಿದ ಹೊಸ್ತಿಲನ್ನೇ ಎಡವಿ ನಡುಮನೆಯಲ್ಲಿ ಬೋರಲು ಬಿದ್ದೆ.

ದೊಡ್ಡಪ್ಪ ನಕ್ಕ. "ಇವ್ನಿಗೇ ಅರಳುಮರಳು! ಗಾಡಿ ಕಟ್ರಲಾ!"

ಅಜ್ಜಿ ಅತ್ತ ನೋಡದೆಯೇ ಗೂಡಿಗೆ ಕೈಚಾಚಿ ಉಪ್ಪು ತೆಗೆದುಕೊಂಡಳು.

"ಸುಮ್ಕಿರ್ಲಾ. ಮೊಗೀಗೆ ಜಾಗ ಒಸ್ದು. ನಾಕ್ ದಿನ ಓಗ್ಲಿ, ಬುದ್ಧಿ ತಾನೇ ಬತ್ತದೆ." ಆಮೇಲೆ ಬೀದಿಯ ಕಡೆ ತಿರುಗಿ ಕೂಗಿದಳು, "ಅಲ್ವೇನೇ ಸಣ್ಣಿ?"

ಎದುರು ಜಗಲಿಯಿಂದ ಉತ್ತರ ಬಂತು:

"ಮೊದ್ಲು ಇದ್ರೆ ತಾನೆ ಬರದು!"